ಹೊಸ ಲ್ಯಾಪ್‌ಟಾಪ್‌ಗೆ ಮಿಂಚಿನ ಗುರುತಿನ ಪೋರ್ಟ್ ಬೇಕೇ ಬೇಕಾ? ವಾಟ್ಸಾಪ್‌ನಲ್ಲಿ ಓಡಾಡುವ ಮಾತುಗಳ ಅಸಲಿಯತ್ತು

ಸಿಇಟಿ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಲ್ಯಾಪ್‌ಟಾಪ್ ಸಲಹೆಗಳೂ ಶುರುವಾಗುತ್ತವೆ. ಥಂಡರ್‌ಬೋಲ್ಟ್ ಇಲ್ಲದ ಲ್ಯಾಪ್‌ಟಾಪ್ ಎರಡೇ ವರ್ಷದಲ್ಲಿ ಮೂಲೆ ಸೇರುತ್ತದಂತೆ. ಗುಂಡು ಪಿನ್ನಿನ ಚಾರ್ಜರ್ ಇರುವ ಲ್ಯಾಪ್‌ಟಾಪ್‌ಗಳನ್ನು ಸರ್ಕಾರ ಬಂದ್ ಮಾಡುತ್ತದಂತೆ. ಟೈಪ್-ಸಿ ಎಂದರೆ ಎಲ್ಲವೂ ಒಂದೇ, ಯಾವ ವೈರು ಹಾಕಿದರೂ ನಡೆಯುತ್ತದಂತೆ. ದೊಡ್ಡ ಚಾರ್ಜರ್ ಚುಚ್ಚಿದರೆ ಬ್ಯಾಟರಿ ಸುಟ್ಟುಹೋಗುತ್ತದಂತೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ನಾಲ್ಕರಲ್ಲಿ ಒಂದೂ ಪೂರ್ತಿ ನಿಜವಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಲ್ಲಿ ನಮ್ಮ ಸಂಬಂಧಿಕರ ಮನೆಯಿದೆ. ತೆಂಗಿನ ತೋಟದ ಮೇಲೆ ನಡೆಯುವ ಸಂಸಾರ. ಮಗಳಿಗೆ ಹಾಸನದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಲ್ಯಾಪ್‌ಟಾಪ್‌ಗೆಂದು 55 ಸಾವಿರ ಎತ್ತಿಟ್ಟಿದ್ದರು. ಅಂಗಡಿಗೆ ಹೋದಾಗ ಅಲ್ಲಿದ್ದವರು ಪೋರ್ಟಿನ ಪಕ್ಕ ಮಿಂಚಿನ ಗುರುತಿರುವ ಇನ್ನೊಂದು ಲ್ಯಾಪ್‌ಟಾಪ್ ತೋರಿಸಿ, ಇದಕ್ಕಿಂತ ಕಡಿಮೆಯದು ತಗೊಂಡರೆ ಮುಂದೆ ಯಾವ ಸಾಧನವೂ ಕೂಡುವುದಿಲ್ಲ ಎಂದರಂತೆ. ಬೆಲೆ 22 ಸಾವಿರ ಹೆಚ್ಚು. ಅಂಗಡಿಯ ಹೊರಗೆ ನಿಂತು ನನಗೆ ಫೋನ್ ಮಾಡಿದ ಆ ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಣ್ಣ, ಈ ಮಿಂಚಿನ ಗುರ್ತು ಇಲ್ದಿದ್ರೆ ಲ್ಯಾಪ್‌ಟಾಪು ಓಡಲ್ವಾ?"

ಓಡುತ್ತದೆ. ಚೆನ್ನಾಗಿಯೇ ಓಡುತ್ತದೆ. ಆದರೆ "ಹೊಸ ಪೋರ್ಟು ಬೇಡವೇ ಬೇಡ" ಎಂದುಬಿಟ್ಟರೆ ಅದೂ ತಪ್ಪಾಗುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯಲು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು.

ಕಿಂಡಿ ಬೇರೆ, ಅದರೊಳಗಿನ ದಾರಿ ಬೇರೆ

ಟೈಪ್-ಸಿ ಎನ್ನುವುದು ಒಂದು ಕಿಂಡಿಯ ಆಕಾರದ ಹೆಸರು, ಅಷ್ಟೇ. ಎರಡೂ ತುದಿ ದುಂಡಾದ, ತಲೆಕೆಳಗಾಗಿ ಹಾಕಿದರೂ ಕೂಡುವ, 24 ಪಿನ್ನುಗಳ ಕಿಂಡಿ. 2014ರಲ್ಲಿ ಇದರ ವಿನ್ಯಾಸ ಪ್ರಕಟವಾಯಿತು. ಆ ಕಿಂಡಿಯ ಹಿಂದೆ ಯಾವ ವೇಗದ ದಾರಿ ಇದೆ, ಅದರಿಂದ ಚಾರ್ಜ್ ಆಗುತ್ತದೆಯೇ, ಟಿವಿಗೆ ಚಿತ್ರ ಹೋಗುತ್ತದೆಯೇ ಎನ್ನುವುದೆಲ್ಲ ಬೇರೆಯೇ ವಿಷಯ. ಅದನ್ನು ನಿರ್ಧರಿಸುವವರು ಲ್ಯಾಪ್‌ಟಾಪ್ ತಯಾರಕರು. ಒಂದೇ ಥರದ ಬಾಗಿಲಿರುವ ಎರಡು ಮನೆಗಳಲ್ಲಿ ಒಂದರೊಳಗೆ ಒಂದೇ ಕೋಣೆ, ಇನ್ನೊಂದರೊಳಗೆ ತೊಟ್ಟಿಮನೆಯೇ ಇದ್ದ ಹಾಗೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಐಫೋನ್. 2023ರಲ್ಲಿ ಐಫೋನ್ 15 ಬಂದಾಗ ಆಪಲ್ ತನ್ನ ಹಳೆಯ ಕಿಂಡಿ ಬಿಟ್ಟು ಟೈಪ್-ಸಿ ಹಾಕಿತು. ಸಾಮಾನ್ಯ ಐಫೋನ್ 15ರ ಕಿಂಡಿಯ ವೇಗ ಸೆಕೆಂಡಿಗೆ 480 ಮೆಗಾಬಿಟ್. ಅಂದರೆ 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0ರ ವೇಗ! ಪಕ್ಕದಲ್ಲಿಟ್ಟ ಐಫೋನ್ 15 ಪ್ರೊದಲ್ಲಿ ನೋಡಲು ಅದೇ ಕಿಂಡಿ, ವೇಗ ಮಾತ್ರ 10 ಗಿಗಾಬಿಟ್. ಇಪ್ಪತ್ತು ಪಟ್ಟು ವ್ಯತ್ಯಾಸ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಯುಎಸ್‌ಬಿಯ ಕಥೆಯಲ್ಲಿ ನಮ್ಮವರೊಬ್ಬರ ಕೈಯೂ ಇದೆ. ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಇಂಟೆಲ್ ಕಂಪನಿಯಲ್ಲಿದ್ದಾಗ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಅದಕ್ಕೂ ಮೊದಲು ಕೀಬೋರ್ಡಿಗೆ ಒಂದು ಕಿಂಡಿ, ಪ್ರಿಂಟರಿಗೆ ಇನ್ನೊಂದು, ಮೋಡೆಮ್‌ಗೆ ಮತ್ತೊಂದು. 1996ರಲ್ಲಿ ಮೊದಲ ಯುಎಸ್‌ಬಿ ಬಂತು. 2000ದಲ್ಲಿ 2.0, 2008ರಲ್ಲಿ 5 ಗಿಗಾಬಿಟ್‌ನ 3.0, 2013ರಲ್ಲಿ 10 ಗಿಗಾಬಿಟ್‌ನ 3.1, 2017ರಲ್ಲಿ 20 ಗಿಗಾಬಿಟ್‌ನ 3.2, 2019ರಲ್ಲಿ 40 ಗಿಗಾಬಿಟ್‌ವರೆಗಿನ ಯುಎಸ್‌ಬಿ4, 2022ರಲ್ಲಿ ಅದರದ್ದೇ 80 ಗಿಗಾಬಿಟ್ ಆವೃತ್ತಿ. ನಡುವೆ ಹೆಸರುಗಳನ್ನು ಅದಲುಬದಲು ಮಾಡಿ ಜನರ ತಲೆ ಕೆಡಿಸಿದರು. 3.0 ಎಂದು ಇದ್ದದ್ದನ್ನೇ 3.1 ಜೆನ್ 1 ಎಂದರು, ಆಮೇಲೆ ಅದನ್ನೇ 3.2 ಜೆನ್ 1 ಎಂದರು. ವಸ್ತು ಅದೇ, ವೇಗ ಅದೇ 5 ಗಿಗಾಬಿಟ್. ಪೆಟ್ಟಿಗೆಯ ಮೇಲೆ 3.2 ಎಂದು ದೊಡ್ಡದಾಗಿ ಬರೆದಿದ್ದರೆ ಮೋಸಹೋಗಬೇಡಿ, ಪಕ್ಕದ ಗಿಗಾಬಿಟ್ ಸಂಖ್ಯೆ ನೋಡಿ. ಈ ಗೋಜಲು ಕೊನೆಗೆ ಮಾನದಂಡ ಮಾಡುವವರಿಗೇ ಬೇಸರ ತರಿಸಿರಬೇಕು. 2022ರಲ್ಲಿ ಅವರೇ, ಇನ್ನು ಮುಂದೆ ಗ್ರಾಹಕರಿಗೆ 5, 10, 20, 40 ಎಂದು ವೇಗವನ್ನೇ ಗುರುತಾಗಿ ತೋರಿಸಿ ಎಂದರು.

ಥಂಡರ್‌ಬೋಲ್ಟ್ ಇಂಟೆಲ್ ಮತ್ತು ಆಪಲ್ ಸೇರಿ 2011ರಲ್ಲಿ ತಂದದ್ದು. 2015ರ ಮೂರನೇ ಆವೃತ್ತಿಯಿಂದ ಅದೂ ಟೈಪ್-ಸಿ ಕಿಂಡಿಯನ್ನೇ ಬಳಸುತ್ತಿದೆ. ಗುರುತು ಮಿಂಚು. ನಾಲ್ಕನೇ ಆವೃತ್ತಿ 40 ಗಿಗಾಬಿಟ್, 2023ರಲ್ಲಿ ಘೋಷಿಸಿದ ಐದನೆಯದು 80 ಗಿಗಾಬಿಟ್. ವೇಗದ ಜೊತೆಗೆ ಅದರ ದೊಡ್ಡ ಗುಣ ಖಾತರಿ. ಥಂಡರ್‌ಬೋಲ್ಟ್ 4 ಎಂದು ಬರೆದಿದ್ದರೆ 40 ಗಿಗಾಬಿಟ್ ವೇಗವೂ ಎರಡು 4ಕೆ ಪರದೆಗೆ ಚಿತ್ರ ಕಳಿಸುವ ಶಕ್ತಿಯೂ ಇರಲೇಬೇಕು. ಬರೀ ಟೈಪ್-ಸಿ ಎಂದಿದ್ದರೆ ಅಂಥ ಮಾತು ಯಾರೂ ಕೊಟ್ಟಿಲ್ಲ.

ನಾಲೆ ಎಷ್ಟು ಅಗಲವಿದ್ದರೇನು

ವೇಗದ ವಿಷಯಕ್ಕೆ ಬಾಗೂರಿನವರಿಗೆ ಬೇರೆ ಹೋಲಿಕೆ ಬೇಕಿಲ್ಲ. ಹೇಮಾವತಿಯ ನೀರು ಗೊರೂರಿನ ಅಣೆಕಟ್ಟೆಯಿಂದ ಹೊರಟು ತುಮಕೂರಿನ ಕಡೆಗೆ ಹೋಗುವುದು ಬಾಗೂರು–ನವಿಲೆ ಸುರಂಗದ ಮೂಲಕ. ಸುರಂಗದ ಆಚೆ ನಾಲೆಯನ್ನು ಎಷ್ಟೇ ಅಗಲ ಮಾಡಿದರೂ ಸುರಂಗ ಎಷ್ಟು ನೀರು ಬಿಡುತ್ತದೋ ಅಷ್ಟೇ ನೀರು. ಕಂಪ್ಯೂಟರಿನಲ್ಲೂ ಹಾಗೆಯೇ. ಫೈಲು ಎಷ್ಟು ಬೇಗ ಹೋಗುತ್ತದೆ ಎನ್ನುವುದನ್ನು ಹೇಳುವುದು ಇಡೀ ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ. ಅದು ಲ್ಯಾಪ್‌ಟಾಪಿನ ಪೋರ್ಟ್ ಆಗಿರಬಹುದು, ನಡುವಿನ ವೈರು ಆಗಿರಬಹುದು, ಆ ಕಡೆ ಇರುವ ಪೆನ್‌ಡ್ರೈವ್ ಆಗಿರಬಹುದು. ನಮ್ಮ ಮನೆಗಳಲ್ಲಿ ಬಹುಪಾಲು ಅದು ಪೆನ್‌ಡ್ರೈವೇ.

ಲೆಕ್ಕ ಹಾಕಿ ನೋಡೋಣ. ಮದುವೆಯ ವಿಡಿಯೊ, ಫೋಟೊ ಎಲ್ಲ ಸೇರಿ 100 ಜಿಬಿ ಇದೆ ಎಂದುಕೊಳ್ಳಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 35 ಮೆಗಾಬೈಟ್ ಆಸುಪಾಸು, ಹಾಗಾಗಿ ಮುಕ್ಕಾಲು ಗಂಟೆಯ ಮೇಲೆ ಬೇಕು. 5 ಗಿಗಾಬಿಟ್ ಪೋರ್ಟಿನಲ್ಲಿ ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ನಾಲ್ಕೈದು ನಿಮಿಷ ಸಾಕು. 10 ಗಿಗಾಬಿಟ್‌ನಲ್ಲಿ ಎರಡು ನಿಮಿಷದೊಳಗೆ. 40 ಗಿಗಾಬಿಟ್‌ನಲ್ಲಿ, ಅದಕ್ಕೆ ತಕ್ಕ ದುಬಾರಿ ಡ್ರೈವ್ ಇದ್ದರೆ, ಅರ್ಧ ನಿಮಿಷದ ಹತ್ತಿರ. ಈಗ ಅದೇ ಪೋರ್ಟುಗಳಿಗೆ ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಹಾಕಿ. ಅದು ಓಡುವುದೇ ಸೆಕೆಂಡಿಗೆ ನೂರು ನೂರಿಪ್ಪತ್ತು ಮೆಗಾಬೈಟ್ ವೇಗದಲ್ಲಿ. ಪೋರ್ಟ್ 5 ಆದರೂ 40 ಆದರೂ ಹದಿನೈದು ನಿಮಿಷ ಕಾಯಲೇಬೇಕು. ಸೆಕೆಂಡಿಗೆ 15 ಮೆಗಾಬೈಟ್ ಬರೆಯುವ ಅಗ್ಗದ ಪೆನ್‌ಡ್ರೈವ್ ಆದರಂತೂ ಸುಮಾರು ಎರಡು ಗಂಟೆ. ಥಂಡರ್‌ಬೋಲ್ಟ್ ಇದ್ದರೂ ಎರಡು ಗಂಟೆಯೇ.

ಇದರಲ್ಲಿ ಗಮನಿಸಬೇಕಾದ್ದು ದೊಡ್ಡ ಜಿಗಿತ ಎಲ್ಲಿದೆ ಎಂಬುದು. ಮುಕ್ಕಾಲು ಗಂಟೆಯಿಂದ ಐದು ನಿಮಿಷಕ್ಕೆ ಇಳಿದದ್ದು ಜೀವನದಲ್ಲಿ ಗೊತ್ತಾಗುವ ವ್ಯತ್ಯಾಸ. ಎರಡು ನಿಮಿಷ ಅರ್ಧ ನಿಮಿಷವಾದದ್ದು ದಿನವೂ ನೂರಾರು ಜಿಬಿ ಎತ್ತಿಹಾಕುವವರಿಗೆ ಮಾತ್ರ ಗೊತ್ತಾಗುತ್ತದೆ. ಮೌಸ್, ಕೀಬೋರ್ಡ್‌ಗಳ ವಿಷಯ ಕೇಳಲೇಬೇಡಿ. ಯುಎಸ್‌ಬಿಯಲ್ಲಿ ಮೌಸಿಗೆಂದು 1996ರಲ್ಲಿ ಇಟ್ಟ ಸೆಕೆಂಡಿಗೆ 1.5 ಮೆಗಾಬಿಟ್‌ನ ನಿಧಾನದ ದಾರಿಯೇ ಅವಕ್ಕೆ ಇವತ್ತಿಗೂ ಧಾರಾಳ.

ಹಾಗಾದರೆ ಥಂಡರ್‌ಬೋಲ್ಟ್, 40 ಗಿಗಾಬಿಟ್ ಯಾರಿಗೆ ಬೇಕು? ಹೊರಗಿನ ಡ್ರೈವ್‌ನಿಂದಲೇ ನೇರ 4ಕೆ ವಿಡಿಯೊ ಎಡಿಟ್ ಮಾಡುವವರಿಗೆ. ಮೇಜಿನ ಮೇಲೆ ಎರಡು ದೊಡ್ಡ ಪರದೆ ಇಟ್ಟುಕೊಂಡು ಒಂದೇ ವೈರಿನಲ್ಲಿ ಎಲ್ಲ ಜೋಡಿಸಬೇಕೆನ್ನುವವರಿಗೆ. ಲ್ಯಾಪ್‌ಟಾಪಿನ ಹೊರಗೆ ಗ್ರಾಫಿಕ್ಸ್ ಕಾರ್ಡ್ ಇಟ್ಟು ಬಳಸುವವರಿಗೆ. ಇಂಜಿನಿಯರಿಂಗ್ ಮೊದಲ ವರ್ಷದವರು ಬರೆಯುವ ಸಿ ಪ್ರೋಗ್ರಾಮಿಗೆ, ಪೈಥಾನ್‌ಗೆ, ಆಟೊಕ್ಯಾಡ್ ಚಿತ್ರಕ್ಕೆ ಇದು ಏನೂ ಮಾಡುವುದಿಲ್ಲ. ಅದೇ ಹಣ ರ‍್ಯಾಮಿಗೆ ಹಾಕಿದರೆ ಮಾಡುತ್ತದೆ.

ಒಂದು ಕಾಲದ "ಲೇಟೆಸ್ಟ್" ಈಗ ಎಲ್ಲಿದೆ

ಹೊಸ ಮಾನದಂಡ ಇದ್ದರೆ ಮುಂದಿನ ಹತ್ತು ವರ್ಷಕ್ಕೆ ನಿಶ್ಚಿಂತೆ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಲ್ಯಾಪ್‌ಟಾಪಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿಗಳನ್ನು ಕೆಲವೊಮ್ಮೆ ಆಮೇಲೆ ಹೆಚ್ಚಿಸಬಹುದು. ಪೋರ್ಟು ಬೋರ್ಡಿಗೆ ಬೆಸುಗೆಯಾಗಿರುತ್ತದೆ, ಕೊಂಡ ದಿನ ಏನಿತ್ತೋ ಕೊನೆಯ ದಿನವೂ ಅದೇ. ಆದ್ದರಿಂದ ಪೋರ್ಟಿನ ಬಗ್ಗೆ ಕೊಳ್ಳುವಾಗಲೇ ಯೋಚಿಸುವುದು ಸರಿ.

ಉಳಿದರ್ಧ ಫೈರ್‌ವೈರ್ ಕಥೆಯಲ್ಲಿದೆ. 1995ರಲ್ಲಿ ಮಾನದಂಡವಾದ ಇದರ ವೇಗ 400 ಮೆಗಾಬಿಟ್, ಆಗಿನ ಯುಎಸ್‌ಬಿಯದ್ದು ಬರೀ 12. ಇಪ್ಪತ್ತು ವರ್ಷದ ಹಿಂದೆ ನಮ್ಮ ಊರುಗಳ ಸ್ಟುಡಿಯೊದವರು ಮದುವೆ ಚಿತ್ರೀಕರಿಸುತ್ತಿದ್ದದ್ದು ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ, ಅದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದದ್ದು ಫೈರ್‌ವೈರ್ ವೈರಿನಲ್ಲಿ. ಆಗ ಅದಕ್ಕಿಂತ ಮುಂದುವರಿದ ಪೋರ್ಟ್ ಇರಲಿಲ್ಲ. ಈಗ ಯಾವ ಹೊಸ ಲ್ಯಾಪ್‌ಟಾಪಿನಲ್ಲೂ ಅದು ಇಲ್ಲ. ಆ ಕ್ಯಾಸೆಟ್ಟುಗಳು ಇನ್ನೂ ಬೀರುವಿನಲ್ಲಿರುವ ಮನೆಗಳಿವೆ. ತೀರಿಕೊಂಡ ತಾತನ ದನಿ ಅದರಲ್ಲಿರಬಹುದು. ನಿಮ್ಮಲ್ಲಿದ್ದರೆ, ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಉಳಿಸಿಕೊಂಡಿರುವ ಸ್ಟುಡಿಯೊ ಹುಡುಕಿ ಈಗಲೇ ಇಳಿಸಿಕೊಳ್ಳಿ. ಟೇಪಿಗೂ ಆಯುಷ್ಯವಿದೆ.

ಗೆದ್ದದ್ದು ನಿಧಾನದ, ಅಗ್ಗದ ಯುಎಸ್‌ಬಿ. ಅದರ ಗುಟ್ಟು ವೇಗವಲ್ಲ, ಹಳೆಯದನ್ನು ಕೈಬಿಡದ ಗುಣ. 2005ರ ಪೆನ್‌ಡ್ರೈವ್ ಇವತ್ತಿನ ಯುಎಸ್‌ಬಿ4 ಪೋರ್ಟಿನಲ್ಲೂ ಓದಿಸಿಕೊಳ್ಳುತ್ತದೆ, ನಡುವೆ ಒಂದು ಚಿಕ್ಕ ಅಡಾಪ್ಟರ್ ಬೇಕಾಗಬಹುದು ಅಷ್ಟೇ.

ಪಂಚಾಯಿತಿ, ಡೇರಿ, ಶಾಲೆ

ತಂತ್ರಜ್ಞಾನದ ವಿಡಿಯೊಗಳಲ್ಲಿ ಕಾಣುವ ಮೇಜಿನ ಮೇಲೆ ಎಲ್ಲವೂ ಟೈಪ್-ಸಿ. ಬಾಗೂರಿನಂಥ ಹೋಬಳಿ ಕೇಂದ್ರದಲ್ಲಿ ಕಂಪ್ಯೂಟರಿಗೆ ಜೋಡಿಸುವ ವಸ್ತುಗಳನ್ನು ನೋಡಿದರೆ ಬೇರೆಯೇ ಲೋಕ ಕಾಣುತ್ತದೆ. ಪಂಚಾಯಿತಿಯಲ್ಲಿ ಇ-ಸ್ವತ್ತಿನ ಫಾರಂ 9, ಫಾರಂ 11ಕ್ಕೆ ಪಿಡಿಒ ಡಿಜಿಟಲ್ ಸಹಿ ಹಾಕಬೇಕು. ಆ ಸಹಿ ಇರುವ ಟೋಕನ್ ಪೆನ್‌ಡ್ರೈವ್ ಥರದ್ದು, ಸಾಮಾನ್ಯವಾಗಿ ಅಗಲ ಬಾಯಿಯ ಟೈಪ್-ಎ. ಬೆರಳಚ್ಚು ಯಂತ್ರಗಳಲ್ಲೂ ಹೆಚ್ಚಿನವು ಹಾಗೆಯೇ. ಜೆರಾಕ್ಸ್ ಅಂಗಡಿಯ ಪ್ರಿಂಟರು, ಬಿಲ್ಲಿಂಗ್ ಯಂತ್ರ, ಬಾರ್‌ಕೋಡ್ ಓದುವ ಸಾಧನ ಎಲ್ಲ ಅದೇ ಪಂಗಡ.

ಹಾಲಿನ ಡೇರಿಗಳಲ್ಲಿ ಇನ್ನೂ ಹಿಂದಕ್ಕೆ ಹೋಗಬೇಕು. ತೂಕದ ಯಂತ್ರ ಮತ್ತು ಕೊಬ್ಬಿನಂಶ ಅಳೆಯುವ ಯಂತ್ರಗಳು ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವುದು ಸಾಮಾನ್ಯವಾಗಿ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟಿನಿಂದ. ಈ ಮಾನದಂಡ ಹುಟ್ಟಿದ್ದು 1960ರಲ್ಲಿ. ಹಾಲು ಹಾಕಿದವರ ಲೀಟರು, ಫ್ಯಾಟು ಇವತ್ತಿಗೂ ಅದರ ಮೇಲೆಯೇ ಹರಿಯುತ್ತದೆ, ಯಾರಿಗೂ ಏನೂ ತೊಂದರೆಯಾಗಿಲ್ಲ. ಹೊಸ ಲ್ಯಾಪ್‌ಟಾಪಿಗೆ ಇದನ್ನು ಜೋಡಿಸಲು ಸೀರಿಯಲ್‌ನಿಂದ ಯುಎಸ್‌ಬಿಗೆ ಬದಲಿಸುವ ವೈರು ಸಿಗುತ್ತದೆ. ಅಲ್ಲೊಂದು ಎಚ್ಚರಿಕೆ. ಅಗ್ಗದ ವೈರುಗಳ ಒಳಗಿನ ಚಿಪ್ ಎಷ್ಟೋ ಸಲ ನಕಲಿ. 2014ರಲ್ಲಿ ಎಫ್‌ಟಿಡಿಐ ಎಂಬ ಸ್ಕಾಟ್ಲೆಂಡಿನ ಚಿಪ್ ಕಂಪನಿಯ ಡ್ರೈವರ್ ವಿಂಡೋಸ್ ಅಪ್‌ಡೇಟಿನಲ್ಲಿ ಬಂದಾಗ ತನ್ನ ಹೆಸರಿನ ನಕಲಿ ಚಿಪ್ಪುಗಳನ್ನು ಕಂಪ್ಯೂಟರ್ ಗುರುತಿಸದಂತೆ ಮಾಡಿಬಿಟ್ಟಿತ್ತು. ನಿನ್ನೆ ರಾತ್ರಿವರೆಗೆ ನಡೆಯುತ್ತಿದ್ದ ಯಂತ್ರ ಬೆಳಗ್ಗೆ ಸುಮ್ಮನಾದರೆ ಪೋರ್ಟನ್ನು ಬೈಯುವ ಮೊದಲು ವೈರನ್ನು ಅನುಮಾನಿಸಿ.

ಶಾಲೆ, ಕಾಲೇಜಿನ ಪ್ರೊಜೆಕ್ಟರುಗಳದ್ದು ಇನ್ನೊಂದು ಕಥೆ. ನೀಲಿ ತಲೆಯ, ಎರಡು ಕಡೆ ತಿರುಪು ತಿರುಗಿಸುವ ವಿಜಿಎ ವೈರು 1987ರದ್ದು. 2015ರೊಳಗೆ ಅದನ್ನು ಬಿಟ್ಟುಬಿಡುತ್ತೇವೆ ಎಂದು ಇಂಟೆಲ್, ಎಎಮ್‌ಡಿ ಮತ್ತಿತರ ಕಂಪನಿಗಳು 2010ರಲ್ಲೇ ಸಾರಿದ್ದವು. ಲ್ಯಾಪ್‌ಟಾಪಿನಿಂದ ಅದು ಹೋಯಿತು, ಸೆಮಿನಾರ್ ಹಾಲಿನ ಗೋಡೆಯಿಂದ ಹೋಗಲಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪ್ರಾಜೆಕ್ಟ್ ತೋರಿಸುವ ದಿನ ಅದು ಬ್ಯಾಗಿನಲ್ಲಿ ಇಲ್ಲದಿದ್ದರೆ 80 ಗಿಗಾಬಿಟ್ ಇದ್ದೂ ಪ್ರಯೋಜನವಿಲ್ಲ.

ಹಳೆಯದನ್ನೆಲ್ಲ ಒಮ್ಮೆಲೇ ಕಿತ್ತರೆ ಏನಾಗುತ್ತದೆ ಎಂದು ಆಪಲ್ ತಾನೇ ಪರೀಕ್ಷೆ ಮಾಡಿ ನೋಡಿದೆ. 1998ರ ಐಮ್ಯಾಕ್‌ನಲ್ಲಿ ಫ್ಲಾಪಿ ಮತ್ತು ಹಳೆಯ ಕಿಂಡಿಗಳನ್ನು ತೆಗೆದು ಯುಎಸ್‌ಬಿ ಇಟ್ಟಿತು. ಆ ಧೈರ್ಯದಿಂದಲೇ ಯುಎಸ್‌ಬಿ ಸಾಧನಗಳ ಮಾರುಕಟ್ಟೆ ಕುದುರಿತು ಎಂದರೆ ತಪ್ಪಿಲ್ಲ. ಅದೇ ಧೈರ್ಯ 2016ರಲ್ಲಿ ಕೈಕೊಟ್ಟಿತು. ಮ್ಯಾಕ್‌ಬುಕ್ ಪ್ರೊದಲ್ಲಿ ಇಯರ್‌ಫೋನಿನ ತೂತು ಬಿಟ್ಟರೆ ಟೈಪ್-ಸಿ ಮಾತ್ರ ಉಳಿಸಿದರು. ಜನ ಬ್ಯಾಗಿನ ತುಂಬ ಅಡಾಪ್ಟರ್ ಹೊತ್ತು ಗೊಣಗಿದರು. 2021ರಲ್ಲಿ ಎಚ್‌ಡಿಎಂಐ, ಮೆಮೊರಿ ಕಾರ್ಡಿನ ಸೀಳು ಎರಡೂ ಮರಳಿ ಬಂದವು. ಲಕ್ಷಗಟ್ಟಲೆ ರೂಪಾಯಿಯ ಲ್ಯಾಪ್‌ಟಾಪ್ ಕೊಳ್ಳುವವರಿಗೇ ಹಳೆಯ ಪೋರ್ಟ್ ಬೇಕಾಗಿದ್ದರೆ, ಐವತ್ತು ಸಾವಿರದವರಿಗೆ ಬೇಡವೇ?

ಚಾರ್ಜಿನ ವಿಷಯದಲ್ಲಿ ಮಾತ್ರ ಹೊಸದೇ ಬೇಕು

ಇಲ್ಲಿ ನಾನು ಆ ಸಂದೇಶ ಕಳಿಸುವವರ ಪಕ್ಷ. ಲ್ಯಾಪ್‌ಟಾಪಿನಲ್ಲಿ ಒಂದಾದರೂ ಚಾರ್ಜ್ ಆಗುವ ಟೈಪ್-ಸಿ ಪೋರ್ಟ್ ಇರಲೇಬೇಕು.

ಗುಂಡು ಪಿನ್ನಿನ ಚಾರ್ಜರ್ ಹಾಳಾದಾಗ ಹಳ್ಳಿಯಲ್ಲಿರುವವರ ಪಾಡು ನೋಡಿ. ಪಿನ್ನಿನ ಅಳತೆ, ವೋಲ್ಟು, ಕಂಪನಿ ಮೂರೂ ಕೂಡಬೇಕು. ಕೆಲವು ಕಂಪನಿಗಳ ಗುಂಡು ಪಿನ್ನಿನ ನಡುವೆ ಗುರುತು ಹೇಳುವ ಸಣ್ಣ ಸೂಜಿಯಿರುತ್ತದೆ. ಬೇರೆ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಏರುವುದಿಲ್ಲ. ಒಂದು ಚಾರ್ಜರಿಗಾಗಿ ಚನ್ನರಾಯಪಟ್ಟಣ, ಅಲ್ಲಿ ಸಿಗದಿದ್ದರೆ ಹಾಸನ. ಟೈಪ್-ಸಿ ಪವರ್ ಡೆಲಿವರಿ ಇದ್ದರೆ ಪಕ್ಕದ ಮನೆಯವರ ಬೇರೆ ಕಂಪನಿಯ ಚಾರ್ಜರೂ ನಡೆಯುತ್ತದೆ.

ದೊಡ್ಡ ಚಾರ್ಜರ್ ಸಣ್ಣ ಸಾಧನವನ್ನು ಸುಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಪವರ್ ಡೆಲಿವರಿಯಲ್ಲಿ ಮೊದಲು ಮಾತುಕತೆ, ಆಮೇಲೆ ಕರೆಂಟು. ಚುಚ್ಚಿದ ಕೂಡಲೆ ಚಾರ್ಜರ್ ತನ್ನ ಬಳಿ 5, 9, 15, 20 ವೋಲ್ಟು ಇದೆ ಎಂದು ಪಟ್ಟಿ ಒಪ್ಪಿಸುತ್ತದೆ. ಎದುರಿನ ಸಾಧನ ತನಗೆ ಬೇಕಾದ್ದನ್ನು ಕೇಳುತ್ತದೆ. ಒಪ್ಪಂದವಾಗುವವರೆಗೆ 5 ವೋಲ್ಟು ದಾಟುವುದಿಲ್ಲ. 100 ವ್ಯಾಟಿನ ಚಾರ್ಜರ್ ಮೊಬೈಲಿಗೆ ಹಾಕಿದರೆ ಮೊಬೈಲ್ ಕೇಳಿದಷ್ಟೇ ಕೊಡುತ್ತದೆ. 2021ರ ಪರಿಷ್ಕರಣೆಯಲ್ಲಿ ಈ ಮಿತಿ 240 ವ್ಯಾಟಿಗೆ ಏರಿತು, ಮಾತುಕತೆಯ ನಿಯಮ ಬದಲಾಗಲಿಲ್ಲ.

ಸುಡುವುದು ಕೆಟ್ಟ ವೈರು. ಗೂಗಲ್ ಇಂಜಿನಿಯರ್ ಬೆನ್ಸನ್ ಲೆಯುಂಗ್ ಆನ್‌ಲೈನಿನಲ್ಲಿ ಸಿಗುವ ಟೈಪ್-ಸಿ ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬರೆಯುತ್ತಿದ್ದರು. 2016ರಲ್ಲಿ, ಒಳಗೆ ತಂತಿಗಳನ್ನೇ ಅದಲುಬದಲು ಮಾಡಿದ್ದ ಒಂದು ವೈರು ಅವರ ಲ್ಯಾಪ್‌ಟಾಪನ್ನೇ ಹಾಳು ಮಾಡಿತು. 60 ವ್ಯಾಟಿಗಿಂತ ಹೆಚ್ಚು ಹೊರುವ ವೈರಿನ ತಲೆಯಲ್ಲಿ ತಾನೆಷ್ಟು ಹೊರಬಲ್ಲೆ ಎಂದು ಹೇಳುವ ಒಂದು ಚಿಪ್ ಇರಲೇಬೇಕು. ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವ ವೈರಿನಲ್ಲಿ ಅದನ್ನು ನಿರೀಕ್ಷಿಸುವುದು ಹೇಗೆ? ಇಷ್ಟು ಸಾವಿರದ ಲ್ಯಾಪ್‌ಟಾಪ್ ಕೊಂಡು ವೈರಿನಲ್ಲಿ ಉಳಿತಾಯ ಮಾಡಬೇಡಿ.

ಇನ್ನೊಂದು ಸೂಕ್ಷ್ಮ. ಮೊಬೈಲಿನ ಜೊತೆ ಬಂದ 67 ಅಥವಾ 80 ವ್ಯಾಟಿನ ಚಾರ್ಜರ್ ಲ್ಯಾಪ್‌ಟಾಪಿಗೂ ಅಷ್ಟೇ ಕೊಡುತ್ತದೆ ಎಂದುಕೊಳ್ಳಬೇಡಿ. ಹಲವು ಮೊಬೈಲ್ ಕಂಪನಿಗಳ ವೇಗದ ಚಾರ್ಜಿಂಗ್ ಅವರದ್ದೇ ಖಾಸಗಿ ಭಾಷೆ. ಅದು ತಮ್ಮ ಫೋನಿಗೆ ಮಾತ್ರ ಅರ್ಥವಾಗುತ್ತದೆ. ಲ್ಯಾಪ್‌ಟಾಪ್ ಕೇಳಿದರೆ ಸ್ವಲ್ಪವೇ ಕೊಟ್ಟು ಸುಮ್ಮನಾಗುತ್ತದೆ. ಚಾರ್ಜರಿನ ಬೆನ್ನಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಎಂಬಲ್ಲಿ 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಗುಣಿಸಿದಾಗ 65 ವ್ಯಾಟ್, ಸಾಮಾನ್ಯ ಲ್ಯಾಪ್‌ಟಾಪಿಗೆ ಸಾಕು. 20 ವೋಲ್ಟಿನ ಸಾಲೇ ಇಲ್ಲದಿದ್ದರೆ ಬಿಡಿ.

ಕರೆಂಟು ಹೋಗುವ ಊರಿನಲ್ಲಿ ಇದರ ಇನ್ನೊಂದು ಲಾಭ ಪವರ್ ಬ್ಯಾಂಕ್. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 74 ವ್ಯಾಟ್-ಅವರ್ ಶಕ್ತಿಯಿದೆ, ಸಾಧಾರಣ ಲ್ಯಾಪ್‌ಟಾಪಿನ ಬ್ಯಾಟರಿ 50ರ ಆಸುಪಾಸು. ದಾರಿಯಲ್ಲಿ ಸೋರುವುದನ್ನು ಕಳೆದರೂ ಒಂದು ಸಲ ತುಂಬಬಹುದು. ಪವರ್ ಬ್ಯಾಂಕ್ ಮಾತ್ರ 45 ಅಥವಾ 65 ವ್ಯಾಟ್ ಪವರ್ ಡೆಲಿವರಿಯದ್ದೇ ಆಗಬೇಕು. ಮೊಬೈಲಿಗೆಂದು ಮಾರುವ 22.5 ವ್ಯಾಟಿನದು ಸಾಮಾನ್ಯವಾಗಿ ಲ್ಯಾಪ್‌ಟಾಪನ್ನು ಎಬ್ಬಿಸುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಲೈನ್ ಹೋದವರಿಗೆ ಇದರ ಬೆಲೆ ಗೊತ್ತು.

ಸರ್ಕಾರ ಬಂದ್ ಮಾಡುತ್ತದೆಯೇ?

ಈ ವದಂತಿಯ ಬೇರು ಯುರೋಪಿನಲ್ಲಿದೆ. ಅಲ್ಲಿ ಮಾರುವ ಮೊಬೈಲ್, ಟ್ಯಾಬ್‌ಗಳಿಗೆ 2024ರ ಡಿಸೆಂಬರ್ 28ರಿಂದ ಟೈಪ್-ಸಿ ಕಡ್ಡಾಯವಾಯಿತು. ಲ್ಯಾಪ್‌ಟಾಪ್‌ಗಳಿಗೆ ಕಾನೂನು ಇಟ್ಟ ದಿನ 2026ರ ಏಪ್ರಿಲ್ 28. ಅದು ಮಾರುಕಟ್ಟೆಗೆ ಹೊಸದಾಗಿ ಬರುವ ವಸ್ತುಗಳಿಗೆ ಸಂಬಂಧಿಸಿದ್ದು. ಮನೆಯಲ್ಲಿರುವ ಲ್ಯಾಪ್‌ಟಾಪನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಭಾರತದಲ್ಲಿ 2022ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕಂಪನಿಗಳೊಂದಿಗೆ ಸಭೆ ನಡೆಸಿತು, ಒಂದೇ ಬಗೆಯ ಕಿಂಡಿಯ ಬಗ್ಗೆ ಒಮ್ಮತ ಮೂಡಿತು. 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೊ ಟೈಪ್-ಸಿಗೆ ಭಾರತೀಯ ಮಾನದಂಡ ಪ್ರಕಟಿಸಿತು. ಮಾನದಂಡ ಪ್ರಕಟಿಸುವುದು ಬೇರೆ, ಹಳೆಯದನ್ನು ನಿಷೇಧಿಸುವುದು ಬೇರೆ. ಗುಂಡು ಪಿನ್ನಿನ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಕ್ಕೆ ದಂಡ ಎಂಬ ಸಂದೇಶ ಬಂದರೆ ಅಲ್ಲೇ ಅಳಿಸಿಬಿಡಿ.

ಕಂಪನಿಗಳಿಂದ ಕೇಳಬೇಕಾದ್ದೇನು ಎಂದರೆ, ನನ್ನ ಮಟ್ಟಿಗೆ, ಹೊಸ ವೇಗವಲ್ಲ, ನಿಜವಾದ ಗುರುತು. ಟೈಪ್-ಸಿ ಎಂದು ಕಿಂಡಿ ಕೊಟ್ಟ ಮೇಲೆ ಅದರಲ್ಲಿ ಡೇಟಾ, ಚಾರ್ಜ್, ಚಿತ್ರ ಮೂರೂ ಇರಬೇಕು. 2025ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಪ್ರಮಾಣಪತ್ರ ಪಡೆಯುವ ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳ ಟೈಪ್-ಸಿ ಪೋರ್ಟುಗಳಲ್ಲಿ ಈ ಮೂರೂ ಇರಬೇಕು ಎಂಬ ನಿಯಮ ವಿವರಿಸಿತು. ತಡವಾಗಿಯಾದರೂ ಒಳ್ಳೆಯ ಕೆಲಸ. ಆದರೆ ಅಂಗಡಿಯಲ್ಲಿ ಹಳೆಯ ದಾಸ್ತಾನೂ ಇರುತ್ತದೆ, ಆದ್ದರಿಂದ ನೀವೇ ನೋಡಿಕೊಳ್ಳಬೇಕು.

ನೋಡುವುದು ಕಷ್ಟವಲ್ಲ. ಕಿಂಡಿಯ ಪಕ್ಕ ಇಂಗ್ಲಿಷಿನ ಡಿ ಅಕ್ಷರದೊಳಗೆ ಪಿ ಇದ್ದಂತೆ ಕಾಣುವ ಗುರುತಿದ್ದರೆ ಚಿತ್ರ ಹೋಗುತ್ತದೆ. ಪ್ಲಗ್ ಅಥವಾ ಬ್ಯಾಟರಿ ಗುರುತಿದ್ದರೆ ಚಾರ್ಜ್. ಎಷ್ಟೋ ಲ್ಯಾಪ್‌ಟಾಪಿನಲ್ಲಿ ಯಾವ ಗುರುತೂ ಇರುವುದಿಲ್ಲ. ಆಗ ಮಾದರಿ ಸಂಖ್ಯೆ ಹಾಕಿ ಕಂಪನಿಯ ಪುಟದಲ್ಲೇ ಪವರ್ ಡೆಲಿವರಿ, ಡಿಸ್‌ಪ್ಲೇಪೋರ್ಟ್ ಎಂಬ ಮಾತಿದೆಯೇ ನೋಡಿ. ಟೈಪ್-ಎ ಪೋರ್ಟಿನ ಪಕ್ಕ ಬ್ಯಾಟರಿಯೊಂದಿಗೆ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್ ಅಲ್ಲ, ಲ್ಯಾಪ್‌ಟಾಪ್ ಆರಿಸಿದಾಗಲೂ ಮೊಬೈಲ್ ಚಾರ್ಜ್ ಆಗುತ್ತದೆ ಎಂಬ ಸೂಚನೆ. ಪೋರ್ಟಿನೊಳಗಿನ ನೀಲಿ ಬಣ್ಣ ಸಾಮಾನ್ಯವಾಗಿ 5 ಗಿಗಾಬಿಟ್‌ನ ಗುರುತು, ಆದರೆ ಬಣ್ಣ ಹಾಕಲೇಬೇಕೆಂಬ ಕಟ್ಟಳೆಯಿಲ್ಲ. ಅಂಗಡಿಯಲ್ಲೇ ಒಂದು ಟೈಪ್-ಸಿ ಲ್ಯಾಪ್‌ಟಾಪ್ ಚಾರ್ಜರ್ ತರಿಸಿ ನಿಮ್ಮೆದುರಿಗೆ ಚುಚ್ಚಿ ತೋರಿಸಿ ಎಂದು ಕೇಳಿ. ಐವತ್ತು ಸಾವಿರ ಕೊಡುವವರಿಗೆ ಅಷ್ಟು ಕೇಳುವ ಹಕ್ಕಿದೆ.

ಬಾಗೂರಿನ ಹುಡುಗಿ ಕೊನೆಗೆ ತಂದದ್ದು ಮಿಂಚಿನ ಗುರುತಿಲ್ಲದ ಲ್ಯಾಪ್‌ಟಾಪ್. ಮೂರೂ ಕೆಲಸ ಮಾಡುವ ಒಂದು ಟೈಪ್-ಸಿ, ಎರಡು ಟೈಪ್-ಎ, ಒಂದು ಎಚ್‌ಡಿಎಂಐ. ಉಳಿದ ದುಡ್ಡಿನಲ್ಲಿ ರ‍್ಯಾಮ್ 8ರಿಂದ 16 ಜಿಬಿಗೆ ಏರಿಸಿಕೊಂಡು, 65 ವ್ಯಾಟಿನ ಪವರ್ ಬ್ಯಾಂಕೊಂದನ್ನೂ ಕೊಂಡಳು. ಮೊದಲ ಸೆಮಿನಾರಿನ ದಿನ ಕಾಲೇಜಿನ ಪ್ರೊಜೆಕ್ಟರು ವಿಜಿಎ ಎಂದು ಗೊತ್ತಾಗಿ, ಪಕ್ಕದ ಅಂಗಡಿಗೆ ಓಡಿ 350 ರೂಪಾಯಿಯ ಅಡಾಪ್ಟರ್ ತಂದಿದ್ದಾಳೆ. ಈಗ ಅದನ್ನು ಇಡೀ ಕ್ಲಾಸಿನವರು ಸಾಲ ಕೇಳುತ್ತಾರಂತೆ.